ಜುಲೈ ನಾಲ್ಕಕ್ಕೆ ಕೋಡಿ ರೋಡಿಯೋ: ಹೋಗುವುದಾದರೆ ಹೀಗೆ ಹೋಗಿ

ಅಮೆರಿಕದಲ್ಲಿರುವ ನಮ್ಮವರಿಗೆ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ರಜೆ ಅಂದರೆ ಹೆಚ್ಚಾಗಿ ಯೆಲ್ಲೋಸ್ಟೋನ್ ನ್ಯಾಶನಲ್ ಪಾರ್ಕು. ಆ ಪ್ಲಾನಿನಲ್ಲಿ ವಯೋಮಿಂಗ್‌ನ ಕೋಡಿ ಎಂಬ ಊರು ಒಂದು ರಾತ್ರಿ ಮಲಗಿ ಏಳುವ ಜಾಗವಾಗಿ ಬರುತ್ತದೆ. ಪಾರ್ಕಿನ ಪೂರ್ವ ಬಾಗಿಲಿಗೆ ಅಲ್ಲಿಂದ 52 ಮೈಲಿ, ಹಾಗಾಗಿ. ಅಲ್ಲಿ ರೋಡಿಯೋ ನಡೆಯುತ್ತದೆ, ಅಂದರೆ ಕುಣಿಯುವ ಕುದುರೆ, ಹೋರಿಯ ಬೆನ್ನಮೇಲೆ ಎಂಟು ಸೆಕೆಂಡು ಉಳಿಯುವ, ಹಗ್ಗ ಎಸೆದು ದನ ಹಿಡಿಯುವ ಕೌಬಾಯ್ ಪಂದ್ಯ. ಸಂಜೆ ಹೊತ್ತು ಉಳಿದರೆ "ಏನೋ ರೋಡಿಯೋ ಇದೆಯಂತೆ" ಎಂದು ಟಿಕೆಟ್ ತೆಗೆದು, ಅರ್ಧ ನೋಡಿ, ಮಕ್ಕಳಿಗೆ ನಿದ್ದೆ ಬಂತೆಂದು ಎದ್ದು ಬರುತ್ತಾರೆ. ನಾನು ಹೇಳುವುದು ಇದಕ್ಕೆ ತಿರುಗಾಮುರುಗಾ. ಆ ವಾರ ಪಾರ್ಕನ್ನು ಬಿಡಿ. ಪಾರ್ಕು ಸೆಪ್ಟೆಂಬರಿನಲ್ಲೂ ಇರುತ್ತದೆ, ಜನವೂ ಕಡಿಮೆ. ಜುಲೈ ಮೊದಲ ವಾರವನ್ನು ಊರಿಗೇ ಕೊಡಿ, ರೋಡಿಯೋಗೇ ಕೊಡಿ.

ನಾನು ಹಾನಗಲ್ ಸೀಮೆಯವಳು. ನಮ್ಮಪ್ಪ ಹೋರಿ ಕಟ್ಟುತ್ತಿದ್ದರು. ದೀಪಾವಳಿ ಮುಗಿಯುತ್ತಿದ್ದಂತೆ ಹೋರಿ ಬೆದರಿಸುವ ಹಬ್ಬ ಊರೂರಿಗೆ ಶುರುವಾದರೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ಹೋರಿಯ ಊಟ, ಹೋರಿಯ ಮೈ ತೊಳೆಯುವುದು, ಹೋರಿಯ ಸಿಂಗಾರ. ಈಗ ಡೆನ್ವರ್ ಹತ್ತಿರ ಇದ್ದೇವೆ. ಕೋಡಿಗೆ ಹೋಗಿಬಂದಷ್ಟೂ ನನಗೆ ಗಟ್ಟಿಯಾದದ್ದು ಒಂದೇ ಮಾತು: ರೋಡಿಯೋದಲ್ಲಿ ಸವಾರನನ್ನು ಮಾತ್ರ ನೋಡುವವರು ಅರ್ಧ ಆಟವನ್ನೇ ನೋಡುತ್ತಾರೆ. ದನ, ಕುದುರೆಯನ್ನು ನೋಡುವುದು ಕಲಿತು ಹೋದರೆ ಟಿಕೆಟ್ಟಿನ ಕಾಸು ಸಾರ್ಥಕ.

ಯಾಕೆ ಕೋಡಿ

ಜುಲೈ ನಾಲ್ಕರ ಸುತ್ತ ಪಶ್ಚಿಮದ ಊರುಗಳಲ್ಲೆಲ್ಲ ರೋಡಿಯೋ ಇರುತ್ತದೆ. ಅರಿಜೋನಾದ ಪ್ರೆಸ್ಕಾಟ್‌ನಲ್ಲಿ 1888ರಿಂದ ನಡೆಯುತ್ತಿದೆ. ಮೊಂಟಾನಾದ ರೆಡ್ ಲಾಡ್ಜ್, ಲಿವಿಂಗ್‌ಸ್ಟನ್ ಕೂಡ ಇದೇ ದಿನಗಳಲ್ಲಿ. ಕೋಡಿಯ ರೋಡಿಯೋ ಹಬ್ಬಕ್ಕೆ ಕೋಡಿ ಸ್ಟ್ಯಾಂಪೀಡ್ ಎಂದು ಹೆಸರು, 1919ರಿಂದ ಬಂದದ್ದು. ಪ್ರತಿವರ್ಷ ಜುಲೈ 1ರಿಂದ 4ರವರೆಗೆ. ಊರಿನ ಜನಸಂಖ್ಯೆ ಸುಮಾರು ಹತ್ತು ಸಾವಿರ. ವೈಲ್ಡ್ ವೆಸ್ಟ್ ಎಂಬ ಕೌಬಾಯ್ ಪ್ರದರ್ಶನ ನಡೆಸಿದ, ಬಫಲೋ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿ 1890ರ ದಶಕದಲ್ಲಿ ಜೊತೆಗಾರರನ್ನು ಕಟ್ಟಿಕೊಂಡು ಹುಟ್ಟುಹಾಕಿದ ಊರಿದು. ಅವನು 1917ರ ಜನವರಿಯಲ್ಲಿ ಡೆನ್ವರ್‌ನಲ್ಲಿ ತೀರಿಕೊಂಡ, ನಮ್ಮ ಮನೆಯಿಂದ ಕಾಣುವ ಲುಕೌಟ್ ಬೆಟ್ಟದ ಮೇಲೆ ಹೂತಿದ್ದಾರೆ. ಕೋಡಿ ಊರಿನವರ ಮುಂದೆ ಈ ಮಾತು ತೆಗೆಯಬೇಡಿ. ತಮ್ಮೂರಿನ ಗುಡ್ಡದ ಮೇಲೆ ಇರಬೇಕಾದವನನ್ನು ಡೆನ್ವರ್‌ನವರು ಇಟ್ಟುಕೊಂಡರು ಎಂಬ ಬೇಸರ ಇಂದಿಗೂ ಇದೆ. ಅವನು ಹೋದ ಮೇಲೆ ಊರಿನವರು ಸೇರಿ ಈ ಹಬ್ಬ ಕಟ್ಟಿದರು. ಮೊದಲ ವರ್ಷಗಳಲ್ಲಿ ಅದರ ಮುಂದಾಳಾಗಿ ನಿಂತವರು ಕ್ಯಾರೊಲಿನ್ ಲಾಕ್‌ಹಾರ್ಟ್ ಎಂಬ ಕಾದಂಬರಿಕಾರ್ತಿ, ಊರಿನ ಪತ್ರಿಕೆಯ ಒಡತಿ. ಕಾಲ ನೂರು ವರ್ಷ ಹಿಂದಿನದು, ಆಟ ಗಂಡಸರದು, ಅಧ್ಯಕ್ಷೆ ಹೆಂಗಸು. ನನಗೆ ಇದು ಬಹಳ ಹಿಡಿಸಿದ ಸಂಗತಿ.

ರೂಮು ಮೊದಲು, ಟಿಕೆಟ್ ಆಮೇಲೆ

ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ರೂಮು ಬುಕ್ ಆಗಿರಬೇಕು. ಮೇ ತಿಂಗಳಲ್ಲಿ ಹುಡುಕಿದರೆ ಕೋಡಿಯಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿ ಸುಮ್ಮನಾಗುತ್ತೀರಿ. ಹಾಗಾದರೆ ಈಶಾನ್ಯಕ್ಕೆ ಪೊವೆಲ್ ನೋಡಿ, 24 ಮೈಲಿ, ರಸ್ತೆ ಸಪಾಟು. ದಕ್ಷಿಣಕ್ಕೆ ಮೀಟೀಟ್ಸಿ 30 ಮೈಲಿ, ಚಿಕ್ಕ ಊರು, ರೂಮು ಬೆರಳೆಣಿಕೆ. ಥರ್ಮಾಪೊಲಿಸ್‌ನಲ್ಲಿ ಉಳಿದು ದಿನಾ ಓಡಾಡುತ್ತೇವೆ ಎನ್ನುವವರಿಗೆ ನನ್ನ ಒಪ್ಪಿಗೆಯಿಲ್ಲ. ರಾತ್ರಿ ಪಟಾಕಿ ಮುಗಿಯುವುದು ತಡ, ಆಮೇಲೆ ಕತ್ತಲಲ್ಲಿ ಎಂಬತ್ತು ಮೈಲಿಗೂ ಮಿಕ್ಕಿ ಓಡಿಸಬೇಕು, ರಸ್ತೆಯುದ್ದಕ್ಕೂ ಜಿಂಕೆ.

ಕೋಣೆಯಲ್ಲಿ ಫ್ರಿಜ್ಜು, ಮೈಕ್ರೋವೇವ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಯಾಕೆಂದು ಊಟದ ಮಾತಿಗೆ ಬಂದಾಗ ಹೇಳುತ್ತೇನೆ.

ಟಿಕೆಟ್ಟನ್ನು ಸ್ಟ್ಯಾಂಪೀಡ್‌ನವರ ಸ್ವಂತ ವೆಬ್‌ಸೈಟಿನಲ್ಲೇ ತೆಗೆಯಿರಿ. ಎರಡು ದಿನದ್ದು ತೆಗೆಯಿರಿ: ಮೂರನೇ ತಾರೀಖಿನದು ಒಂದು, ನಾಲ್ಕರದು ಒಂದು. ಮೊದಲ ದಿನ ಕಣ್ಣಿಗೆ ಎಲ್ಲವೂ ಧೂಳು ಮತ್ತು ಗದ್ದಲ. ಎರಡನೇ ದಿನವೇ ಆಟ ಕಾಣಲು ಶುರುವಾಗುವುದು. ಒಂದು ದಿನ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಕೂತು ಇಡೀ ಅಖಾಡ ನೋಡಿ, ಇನ್ನೊಂದು ದಿನ ಬಜರ್ಡ್ಸ್ ರೂಸ್ಟ್ ಎಂದು ಕರೆಯುವ ಸಾಲುಗಳಲ್ಲಿ ಕೂತುಕೊಳ್ಳಿ. ಅದು ಕುದುರೆ, ಹೋರಿಗಳನ್ನು ಬಿಡುವ ಗೇಟುಗಳಿಗೆ ಅಂಟಿಕೊಂಡ ಜಾಗ. ಗೇಟು ತೆಗೆಯುವ ಮುಂಚೆ ಸವಾರ ಹಗ್ಗಕ್ಕೆ ರಾಳ ತಿಕ್ಕುವುದು, ಕೈಗವಸು ಬಿಗಿಯುವುದು, ಜೊತೆಗಾರ ಅವನ ಎದೆಯ ಕವಚ ಹಿಡಿದು ನಿಲ್ಲುವುದು, ಒಳಗಿದ್ದ ಹೋರಿ ಕಬ್ಬಿಣಕ್ಕೆ ಮೈ ಒರೆಸಿದ ಸದ್ದು, ಇದೆಲ್ಲ ಅಲ್ಲಿಂದ ಸಿಗುತ್ತದೆ. ನನಗೆ ಕೇಳಿದರೆ ಎಂಟು ಸೆಕೆಂಡಿನ ಆಟಕ್ಕಿಂತ ಆ ಎರಡು ನಿಮಿಷದ ತಯಾರಿ ದೊಡ್ಡದು.

ದಾರಿ

ಡೆನ್ವರ್‌ನಿಂದ ಹೊರಟರೆ ಎಂಟು ಗಂಟೆಯ ಹಾದಿ. ಎರಡನೇ ತಾರೀಖು ಬೆಳಗಿನ ಜಾವ ಬಿಡಿ. ಶೆಯೆನ್‌ನಲ್ಲಿ ಮೊದಲ ನಿಲುಗಡೆ. ಅಲ್ಲಿನ ಫ್ರಾಂಟಿಯರ್ ಪಾರ್ಕಿನಲ್ಲಿ ಲೇನ್ ಫ್ರಾಸ್ಟ್ ಎಂಬ ಹೋರಿ ಸವಾರನ ಪ್ರತಿಮೆ ಇದೆ, ಮಕ್ಕಳಿಗೆ ತೋರಿಸಿ. 1987ರ ವಿಶ್ವ ಚಾಂಪಿಯನ್. 1989ರ ಜುಲೈ 30ರಂದು ಇದೇ ಅಖಾಡದಲ್ಲಿ ಎಂಟು ಸೆಕೆಂಡು ಪೂರೈಸಿ ಇಳಿದ ಮೇಲೆ ಹೋರಿ ತಿರುಗಿ ಗುದ್ದಿ ಅವನು ತೀರಿಕೊಂಡ. ಆಗ ಅವನಿಗೆ 25 ವರ್ಷ. ಅದನ್ನು ಕಣ್ಣಾರೆ ಕಂಡ ಗೆಳೆಯ ಕೋಡಿ ಲ್ಯಾಂಬರ್ಟ್ ಆಮೇಲೆ ಎದೆಗವಚ ರೂಪಿಸಿದ. ಇವತ್ತು ನೀವು ನೋಡುವ ಪ್ರತಿ ಹೋರಿ ಸವಾರನ ಮೈಮೇಲಿರುವ ಆ ದಪ್ಪ ಜಾಕೆಟ್ ಬಂದದ್ದು ಹಾಗೆ.

ಕ್ಯಾಸ್ಪರ್‌ನಲ್ಲಿ ಟ್ಯಾಂಕು ತುಂಬಿಸಿ, ಮಕ್ಕಳನ್ನು ಬಾತ್‌ರೂಮಿಗೆ ಕಳಿಸಿ. ಅಲ್ಲಿಂದ ಶೊಶೋನಿಗೆ ನೂರು ಮೈಲಿ ಹತ್ತಿರ, ನಡುವೆ ಹೇಳಿಕೊಳ್ಳುವಂಥ ಊರಿಲ್ಲ. ಆಮೇಲೆ ವಿಂಡ್ ರಿವರ್ ಕಣಿವೆ. ಫೋನು ಸಿಗ್ನಲ್ ಕೈಕೊಡುತ್ತದೆ, ಮ್ಯಾಪು ಮೊದಲೇ ಇಳಿಸಿಟ್ಟುಕೊಳ್ಳಿ. ಬಂಡೆಯ ಪದರಗಳು ಎಷ್ಟು ಹಳೆಯವು ಎಂಬ ಫಲಕಗಳು ರಸ್ತೆ ಪಕ್ಕದಲ್ಲೇ ಇವೆ. ಈ ಕಣಿವೆ ಈಸ್ಟರ್ನ್ ಶೊಶೋನಿ ಮತ್ತು ನಾರ್ದರ್ನ್ ಅರಾಪಹೊ ಎಂಬ ಮೂಲನಿವಾಸಿ ಜನರ ನೆಲ; ಸ್ವಾತಂತ್ರ್ಯ ದಿನಕ್ಕೆ ಹೋಗುವವರು ಅದನ್ನು ತಿಳಿದುಕೊಂಡೇ ದಾಟಬೇಕು. ಥರ್ಮಾಪೊಲಿಸ್‌ನಲ್ಲಿ ರಾಜ್ಯದವರ ಬಿಸಿನೀರಿನ ಸ್ನಾನದ ಮನೆ ಇದೆ, ದುಡ್ಡಿಲ್ಲ, ಇಪ್ಪತ್ತು ನಿಮಿಷ ಬಿಡುತ್ತಾರೆ. ಆರೇಳು ಗಂಟೆ ಕಾರಿನಲ್ಲಿ ಕೂತ ಸೊಂಟಕ್ಕೆ ಅದರಂಥ ಔಷಧವಿಲ್ಲ. ಊರಿಂದ ಅತ್ತೆ ಮಾವ ಬಂದಿದ್ದರೆ ಇದನ್ನು ತಪ್ಪಿಸಲೇಬೇಡಿ.

ಊಟ

ಸಸ್ಯಾಹಾರಿಗಳು ತಮ್ಮ ಏರ್ಪಾಡು ತಾವೇ ಮಾಡಿಕೊಳ್ಳಬೇಕು. ಇದು ದನ ಸಾಕುವ ಸೀಮೆ, ಮೆನು ತೆಗೆದರೆ ಮೊದಲ ಪುಟದಲ್ಲೇ ಬೀಫ್. ಬೀನ್ಸ್ ಎಂದು ಕೊಡುವುದರಲ್ಲಿ ಬೇಕನ್ ಚೂರು ಇರುತ್ತದೆ, ಮೆಕ್ಸಿಕನ್ ಹೋಟೆಲಿನ ಬೀನ್ಸಿನಲ್ಲಿ ಹಂದಿ ಕೊಬ್ಬು ಇರಬಹುದು, ಕೇಳಿಯೇ ತಿನ್ನಿ. ರಾಕಿ ಮೌಂಟನ್ ಆಯ್ಸ್ಟರ್ ಎಂದು ಬರೆದಿದ್ದರೆ ಅದು ಸಮುದ್ರದ್ದಲ್ಲ, ಹೋರಿಯ ಬೀಜ.

ನಾವು ಒಯ್ಯುವುದು ಇಷ್ಟು: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಕೆಂಪು ಚಟ್ನಿ, ಪುಳಿಯೋಗರೆ ಗೊಜ್ಜು, ಚಿಕ್ಕ ರೈಸ್ ಕುಕ್ಕರ್, ಐಸ್ ಪೆಟ್ಟಿಗೆಯಲ್ಲಿ ಮೊಸರು. ರೊಟ್ಟಿ ಒಂದು ವಾರ ಕೆಡುವುದಿಲ್ಲ, ಮುರಿದರೂ ನಡೆಯುತ್ತದೆ. ಬೆಳಿಗ್ಗೆ ಅವಲಕ್ಕಿ. ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದರೆ ಪಕ್ಕದವರು ಏನೆಂದು ಕೇಳುತ್ತಾರೆ. ಒಂದು ತುಂಡು ಕೊಡಿ, ಮಾತು ಶುರುವಾಗುತ್ತದೆ. ಒಮ್ಮೆ ಹೀಗೆ ಮಾತಿಗೆ ಸಿಕ್ಕ ಹಿರಿಯರೊಬ್ಬರು ಜೀವನವೆಲ್ಲ ದನ ಮೇಯಿಸಿದವರು. ನನ್ನತ್ತೆ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಕಾಲುಬಾಯಿ ರೋಗಕ್ಕೆ ಏನು ಮಾಡುತ್ತಾರೆಂದು ಅರ್ಧ ಗಂಟೆ ಮಾತಾಡಿದರು. ನಾನು ನಡುವೆ ಕೂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸಿದೆ. ಅಂಥ ಮಾತು ಯಾವ ಟೂರಿನವರೂ ಕೊಡಿಸಲಾರರು.

ಬೆಳಗಿನ ಮೆರವಣಿಗೆ

ಶೆರಿಡನ್ ಅವೆನ್ಯೂ ಊರಿನ ದೊಡ್ಡ ಬೀದಿ. ಮೂರು, ನಾಲ್ಕನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಮೆರವಣಿಗೆ. ಎಂಟಕ್ಕೇ ಮಡಚುವ ಕುರ್ಚಿ ಹಿಡಿದು ಹೋಗಿ. ರಸ್ತೆಯ ಯಾವ ಬದಿಗೆ ನೆರಳು ಬೀಳುತ್ತದೋ ನೋಡಿ ಕೂರಿ, ಊರು ಸಮುದ್ರ ಮಟ್ಟಕ್ಕಿಂತ ಸುಮಾರು 5,000 ಅಡಿ ಎತ್ತರ, ಬಿಸಿಲು ಚುರುಕು. ಮಾಜಿ ಸೈನಿಕರು, ಶಾಲೆಯ ಬ್ಯಾಂಡು, ಟ್ರ್ಯಾಕ್ಟರು, ಕುದುರೆ ಗಾಡಿಗಳು. ಮಕ್ಕಳಿಗೆ ಚೀಲ ಕೊಟ್ಟಿರಿ, ಗಾಡಿಗಳಿಂದ ಮಿಠಾಯಿ ಎಸೆಯುತ್ತಾರೆ. ಬಾವುಟ ಬಂದಾಗ ಎಲ್ಲರೂ ಏಳುತ್ತಾರೆ, ನೀವೂ ಏಳಿ, ಟೋಪಿ ತೆಗೆಯಿರಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಇನ್ನೊಬ್ಬರ ಹಬ್ಬದ ಮನೆಗೆ ಹೋದವರು ದೇವರ ಮುಂದೆ ಎದ್ದು ನಿಲ್ಲುವುದಿಲ್ಲವೇ, ಅಷ್ಟು ಮರ್ಯಾದೆ ಸಾಕು.

ಮೂರನೇ ತಾರೀಖಿನ ಮಧ್ಯಾಹ್ನ

ಬಫಲೋ ಬಿಲ್ ಸೆಂಟರ್ ಆಫ್ ದ ವೆಸ್ಟ್ ಒಂದೇ ಸೂರಿನಡಿ ಐದು ಮ್ಯೂಸಿಯಂ. ಎಲ್ಲ ನೋಡಲು ಹೋಗಬೇಡಿ, ಕಾಲು ಸೋಲುತ್ತದೆ. ಇಲ್ಲಿನ ಮೂಲನಿವಾಸಿಗಳ ಬದುಕು ತೋರಿಸುವ ಪ್ಲೇನ್ಸ್ ಇಂಡಿಯನ್ ಮ್ಯೂಸಿಯಂ ಒಂದನ್ನು ಸಾವಕಾಶ ನೋಡಿ.

ಆದರೆ ಅದಕ್ಕಿಂತ ಮುಂಚೆ ಪೊವೆಲ್ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಹೋಗಿ ಹಾರ್ಟ್ ಮೌಂಟನ್ ನೋಡಿ. ಇದನ್ನು ನಾನು ಯಾರಿಗೇ ಆದರೂ ಒತ್ತಿ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಜನರನ್ನು ಮನೆಮಠ ಬಿಡಿಸಿ ತಂದು ಮುಳ್ಳುತಂತಿಯೊಳಗೆ ಇಟ್ಟ ಹತ್ತು ಶಿಬಿರಗಳಲ್ಲಿ ಇದೊಂದು. 1942ರ ಆಗಸ್ಟಿನಿಂದ 1945ರ ನವೆಂಬರ್‌ವರೆಗೆ ನಡೆಯಿತು. ಒಂದು ಹೊತ್ತಿನಲ್ಲಿ 10,767 ಜನ ಅಲ್ಲಿದ್ದರು, ಅಂದರೆ ಆಗಿನ ವಯೋಮಿಂಗ್‌ನ ಮೂರನೇ ದೊಡ್ಡ ಊರು. ಮೂರರಲ್ಲಿ ಎರಡು ಪಾಲು ಜನ ಇದೇ ದೇಶದಲ್ಲಿ ಹುಟ್ಟಿದ ಪ್ರಜೆಗಳು. ಬೇಲಿಯೊಳಗೆ ಇಟ್ಟುಕೊಂಡೇ ಸೈನ್ಯಕ್ಕೂ ಕರೆದರು. ನಮ್ಮ ಹಕ್ಕು ಕೊಡಿ, ಆಮೇಲೆ ಬರುತ್ತೇವೆ ಎಂದ 63 ಯುವಕರಿಗೆ 1944ರಲ್ಲಿ ಶಿಕ್ಷೆಯಾಯಿತು. ಆ ಬೇಲಿಯೊಳಗಿದ್ದ ನಾರ್ಮನ್ ಮಿನೆಟಾ ಎಂಬ ಸ್ಕೌಟ್ ಹುಡುಗನಿಗೂ ಕೋಡಿಯಿಂದ ಸ್ಕೌಟ್ ಗುಂಪಿನ ಜೊತೆ ಬಂದ ಆಲನ್ ಸಿಂಪ್ಸನ್ ಎಂಬ ಹುಡುಗನಿಗೂ ಅಲ್ಲೇ ಗೆಳೆತನವಾಯಿತು. ಮುಂದೆ ಒಬ್ಬರು ಕೇಂದ್ರ ಸಚಿವ, ಇನ್ನೊಬ್ಬರು ಸೆನೆಟರ್. ಇಬ್ಬರೂ ಬೇರೆ ಬೇರೆ ಪಕ್ಷ, ಗೆಳೆತನ ಕಡೆತನಕ ಉಳಿಯಿತು. ವೀಸಾ ಮೇಲೆ ಬದುಕುವ ನಮ್ಮಂಥವರು, ಇಲ್ಲಿ ಹುಟ್ಟಿದ ನಮ್ಮ ಮಕ್ಕಳು, ಜುಲೈ ನಾಲ್ಕರ ಹಿಂದಿನ ದಿನ ನೋಡಲೇಬೇಕಾದ ಜಾಗ ಇದು. ಹತ್ತು ವರ್ಷ ದಾಟಿದ ಮಕ್ಕಳಾದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಪ್ರಶ್ನೆ ಬರುತ್ತವೆ.

ಅಖಾಡದಲ್ಲಿ ಏನು ನೋಡಬೇಕು

ಊರಿನ ಪಶ್ಚಿಮದ ಅಂಚಿನಲ್ಲಿ ಸ್ಟ್ಯಾಂಪೀಡ್ ಪಾರ್ಕ್. ಆಟಕ್ಕೆ ಒಂದು ಗಂಟೆ ಮುಂಚೆ ಹೋಗಿ. ಜುಲೈ ಮೊದಲ ವಾರ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಅಲ್ಲಿಯವರೆಗೆ ಟೋಪಿ, ತಂಪು ಕನ್ನಡಕ ಬೇಕು. ಮುಳುಗಿದ ಮೇಲೆ ಸ್ವೆಟರ್ ಬೇಕು. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ರೇನ್‌ಕೋಟು ಇರಲಿ. ಕೊಡೆ ಬೇಡ, ಹಿಂದಿನವರಿಗೆ ಅಡ್ಡ.

ಆಟಗಳಲ್ಲಿ ಎರಡು ಬಗೆ. ಒಂದು ಕುದುರೆ, ಹೋರಿಯ ಬೆನ್ನಮೇಲೆ ಎಂಟು ಸೆಕೆಂಡು ಉಳಿಯುವುದು, ಇದಕ್ಕೆ ಅಂಕ. ಇನ್ನೊಂದು ಗಡಿಯಾರದ ಆಟ: ಹಗ್ಗ ಎಸೆಯುವುದು, ಎಳೆಹೋರಿಯನ್ನು ಕೊಂಬು ಹಿಡಿದು ಕೆಡವುವುದು, ಡ್ರಮ್ಮುಗಳ ಸುತ್ತ ಕುದುರೆ ಓಡಿಸುವುದು.

ಅಂಕದ ಲೆಕ್ಕ ಮೊದಲು ಮನಸ್ಸಿಗೆ ಹಾಕಿಕೊಳ್ಳಿ. ಒಟ್ಟು 100. ಅದರಲ್ಲಿ 50 ಸವಾರನಿಗೆ, 50 ಪ್ರಾಣಿಗೆ. ಪ್ರಾಣಿ ಚೆನ್ನಾಗಿ ಕುಣಿಯದಿದ್ದರೆ ಸವಾರ ಎಷ್ಟೇ ಗಟ್ಟಿಯಾಗಿ ಕೂತರೂ ಅಂಕ ಏರದು. ಆಗ ತೀರ್ಪುಗಾರರು ಇನ್ನೊಂದು ಸವಾರಿ ಕೊಡಬಹುದು. ಯಾರಿಗೆ ಯಾವ ಪ್ರಾಣಿ ಎಂಬುದು ಚೀಟಿ ಎತ್ತಿದಂತೆ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದಲೇ ಸವಾರರಿಗೆ ಎಲ್ಲ ಪ್ರಾಣಿಗಳ ಹೆಸರು, ಗುಣ ಬಾಯಿಪಾಠ: ಇದು ಗೇಟಿನಿಂದ ಎಡಕ್ಕೆ ತಿರುಗುತ್ತದೆ, ಅದು ಎರಡು ನೆಗೆತದ ಮೇಲೆ ಸುತ್ತುತ್ತದೆ. 80 ದಾಟಿದರೆ ಒಳ್ಳೆಯ ಸವಾರಿ, 90 ಬಂದರೆ ಜನ ಎದ್ದು ನಿಲ್ಲುತ್ತಾರೆ.

ಕುದುರೆ ಸವಾರಿಯಲ್ಲಿ ಗೇಟು ತೆಗೆದ ಕ್ಷಣ ಸವಾರನ ಹಿಮ್ಮಡಿ ನೋಡಿ. ಕುದುರೆಯ ಮುಂಗಾಲು ಮೊದಲ ಸಲ ನೆಲಕ್ಕೆ ತಾಗುವಾಗ ಅವನ ಹಿಮ್ಮಡಿ ಅದರ ಭುಜಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಎಂಟು ಸೆಕೆಂಡು ಪೂರೈಸಿದರೂ ಸೊನ್ನೆ. ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಪ್ರಾಣಿಗೆ ತಾಗಬಾರದು. ಎಷ್ಟೋ ಸಲ "ಅಯ್ಯೋ, ಕೊನೆತನಕ ಕೂತಿದ್ದನಲ್ಲ, ಯಾಕೆ ಅಂಕ ಇಲ್ಲ" ಎಂದು ನಮ್ಮವರು ಕೇಳುವುದು ಇದನ್ನು ಗಮನಿಸದೆ. ಎಂಟು ಸೆಕೆಂಡಿನ ಗಂಟೆ ಹೊಡೆದ ಮೇಲೆ ಎರಡೂ ಪಕ್ಕದಿಂದ ಕುದುರೆ ಮೇಲೆ ಬರುವ ಇಬ್ಬರನ್ನು ನೋಡುತ್ತಿರಿ. ಅವರಿಗೆ ಪಿಕಪ್ ಮೆನ್ ಎನ್ನುತ್ತಾರೆ. ಓಡುವ ಕುದುರೆಯಿಂದ ಸವಾರನನ್ನು ತಮ್ಮ ಕುದುರೆಗೆ ಎತ್ತಿಕೊಂಡು, ಕುದುರೆಯ ಹಿಂಬದಿಯ ಪಟ್ಟಿ ಸಡಿಲಿಸುವುದು ಅವರ ಕೆಲಸ. ಇಡೀ ರಾತ್ರಿಯಲ್ಲಿ ಅತಿ ಚಂದದ ಸವಾರಿ ಅವರದೇ ಎಂಬುದು ನನ್ನ ಅಭಿಪ್ರಾಯ.

ಎಳೆಹೋರಿ ಕೆಡವುವ ಆಟವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಸರಿಗೆ ತಂದವರು ಬಿಲ್ ಪಿಕೆಟ್ ಎಂಬ ಕಪ್ಪು ಕೌಬಾಯ್. ಓಡುವ ಕುದುರೆಯಿಂದ ಜಾರಿ, ಕೊಂಬು ಹಿಡಿದು, ನೆಲಕ್ಕೆ ಹಿಮ್ಮಡಿ ಊರಿ ತಿರುಚಿ ಕೆಡವುವುದು. ಗಟ್ಟಿಗರು ನಾಲ್ಕೈದು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಇಬ್ಬರು ಸೇರಿ ಹಗ್ಗ ಹಾಕುವ ಆಟದಲ್ಲಿ ಒಬ್ಬ ಕೊಂಬಿಗೆ, ಇನ್ನೊಬ್ಬ ಹಿಂಗಾಲುಗಳಿಗೆ. ಒಂದೇ ಕಾಲು ಸಿಕ್ಕರೆ ಐದು ಸೆಕೆಂಡು ದಂಡ. ಡ್ರಮ್ಮಿನ ಓಟ ಹೆಣ್ಣುಮಕ್ಕಳದು. ಮೂರು ಡ್ರಮ್ಮುಗಳ ಸುತ್ತ ಸುತ್ತಿ ಹಿಂದಿರುಗುವುದು, ಡ್ರಮ್ಮು ಬಿದ್ದರೆ ಒಂದಕ್ಕೆ ಐದು ಸೆಕೆಂಡು ಸೇರುತ್ತದೆ. ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಗೆದ್ದು ಸೋಲುತ್ತಾರೆ.

ಕಡೆಗೆ ಹೋರಿ. ಹೊರಬಂದ ಹೋರಿಯ ಬೆನ್ನು ನೋಡಿ: ಹಿಣಿಲು ಇದೆ, ಜೋಲುವ ಗಂಗೆದೊಗಲು ಇದೆ, ಉದ್ದ ಕಿವಿ ಇದೆ. ಅತ್ತೆ ಮೊದಲ ಸಲ ಕಂಡಾಗ ನನ್ನ ತೋಳು ಹಿಡಿದು, "ಏನವಾ, ಇದು ನಮ್ಮ ಕಡೀ ಹೋರೀನ ಅಲ್ಲೇನ?" ಎಂದರು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಅಮೆರಿಕಕ್ಕೆ ಹೋದ ಭಾರತದ ದನಗಳಿಂದ ಅಲ್ಲಿನವರು ಬ್ರಾಹ್ಮನ್ ಎಂಬ ತಳಿ ಕಟ್ಟಿದರು. ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಒಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಅದರಲ್ಲಿ ಸೇರಿದೆ. ಬಿಸಿಲು, ಉಣ್ಣಿಹುಳು ತಡೆಯುವ ದನ ಬೇಕೆಂದು ತಂದದ್ದು. ರೋಡಿಯೋದ ಹೋರಿಗಳಲ್ಲಿ ಬಹುಪಾಲು ಈ ಬ್ರಾಹ್ಮನ್ ಮಿಶ್ರಣವೇ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಎರೆ ಹೊಲದಲ್ಲಿ ನೊಗ ಹೊತ್ತ ದನದ ವಂಶ ವಯೋಮಿಂಗ್‌ನ ಧೂಳಿನಲ್ಲಿ ಕುಣಿಯುತ್ತಿದೆ. ಇದನ್ನು ತಿಳಿದು ನೋಡಿದ ಮೇಲೆ ನಾನು ಹೋರಿಯ ಪಕ್ಷ.

ಹೋರಿಯ ಹಗ್ಗಕ್ಕೆ ಗಂಟೆ ಕಟ್ಟಿರುತ್ತಾರೆ. ಅದು ಸಿಂಗಾರಕ್ಕಲ್ಲ, ಸವಾರ ಕೈ ಬಿಟ್ಟ ಕೂಡಲೇ ಹಗ್ಗ ಭಾರಕ್ಕೆ ಜಾರಿ ಬೀಳಲಿ ಎಂದು. ಸವಾರ ಬಿದ್ದಾಗ ಹೋರಿಯ ಕಣ್ಣು ತಮ್ಮ ಕಡೆ ಸೆಳೆಯುವವರು ಬುಲ್‌ಫೈಟರ್‌ಗಳು, ಕಾಲ್ನಡಿಗೆಯಲ್ಲಿ, ಕೈಯಲ್ಲಿ ಏನೂ ಇಲ್ಲದೆ. ನಮ್ಮ ಕಡೆ ಹೋರಿಗೆ ಹೆಸರಿಟ್ಟು ಊರೂರಿಗೆ ಕೀರ್ತಿ ಹಬ್ಬುವಂತೆ ಇಲ್ಲೂ ಹೋರಿಗಳಿಗೆ ಹೆಸರು, ಚರಿತ್ರೆ, ಅಭಿಮಾನಿಗಳು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿರುವ ರೋಡಿಯೋ ಹಾಲ್ ಆಫ್ ಫೇಮ್‌ಗೆ ಮನುಷ್ಯರ ಜೊತೆ ಪ್ರಾಣಿಗಳನ್ನೂ ಸೇರಿಸುತ್ತಾರೆ; ಬೊಡೇಶಸ್ ಎಂಬ ಹೋರಿಗೆ 1999ರಲ್ಲಿ ಆ ಗೌರವ ಬಂತು.

ಒಂದು ಸಂಗತಿ ನೆನಪಿಡಿ: ಈ ಸ್ಪರ್ಧಿಗಳಿಗೆ ಸಂಬಳವಿಲ್ಲ. ಪ್ರವೇಶ ಶುಲ್ಕ ತಾವೇ ಕಟ್ಟಿ ಬರುತ್ತಾರೆ, ಗೆದ್ದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲಿನದೂ ಕೈಯಿಂದ. ಜುಲೈ ನಾಲ್ಕರ ಸುತ್ತಿನ ದಿನಗಳಿಗೆ ಅವರು ಕೌಬಾಯ್ ಕ್ರಿಸ್‌ಮಸ್ ಎನ್ನುವುದು ಅದಕ್ಕೇ, ಆಗ ಬಹುಮಾನದ ಹಣ ಬಹಳ. ಇಲ್ಲಿ ಸವಾರಿ ಮುಗಿಸಿ ಅದೇ ದಿನ ರೆಡ್ ಲಾಡ್ಜ್‌ಗೆ ಓಡುವವರಿದ್ದಾರೆ. ಹಿಂಭಾಗದಲ್ಲಿ ಧೂಳು ಹಿಡಿದ ಪಿಕಪ್ ಟ್ರಕ್ಕುಗಳು ಗಡಿಬಿಡಿಯಲ್ಲಿ ಹೊರಡುವುದು ಕಂಡರೆ ಕಾರಣ ಅದು. ರಾತ್ರಿಯ ಆಟದಲ್ಲಿ ಹಿಡಿಸದಷ್ಟು ಸ್ಪರ್ಧಿಗಳಿದ್ದರೆ ಬೆಳಿಗ್ಗೆ ಸ್ಲ್ಯಾಕ್ ಎಂಬ ಹೆಚ್ಚಿನ ಸುತ್ತು ನಡೆಸುತ್ತಾರೆ. ಎಷ್ಟೋ ರೋಡಿಯೋಗಳಲ್ಲಿ ಅದಕ್ಕೆ ಟಿಕೆಟ್ಟೇ ಇಲ್ಲ, ಮೈಕಿನ ಗದ್ದಲವೂ ಇಲ್ಲ. ಹಗ್ಗದ ಕೈಚಳಕ ಹತ್ತಿರದಿಂದ ನೋಡಲು ಅದೇ ಸರಿ.

ಮಕ್ಕಳು ಕೇಳುವ ಪ್ರಶ್ನೆ

"ಅದಕ್ಕೆ ನೋಯುವುದಿಲ್ಲವಾ?" ಕೇಳಿಯೇ ಕೇಳುತ್ತಾರೆ. ನೇರವಾಗಿ ಉತ್ತರ ಕೊಡಿ. ಕುದುರೆ, ಹೋರಿಯ ಹಿಂಬದಿಗೆ ಕಟ್ಟುವ ಪಟ್ಟಿ ಬೀಜಕ್ಕೆ ಬಿಗಿಯುತ್ತಾರೆ ಎಂಬ ಮಾತು ಸುಳ್ಳು. ಅದು ಹೊಟ್ಟೆಯ ಹಿಂಭಾಗಕ್ಕೆ, ಮೆತ್ತನೆಯ ಒಳಪದರ ಇಟ್ಟು ಕಟ್ಟುವುದು. ವೃತ್ತಿಪರ ರೋಡಿಯೋಗಳಲ್ಲಿ ಪಶುವೈದ್ಯರು ಇರಲೇಬೇಕು, ಬೂಟಿನ ಹಿಮ್ಮಡಿಗೆ ಕಟ್ಟುವ ಸ್ಪರ್ ಮೊಂಡು ಮುಳ್ಳಿನದೇ ಆಗಿರಬೇಕು. ಹಾಗೆಂದು ಎಲ್ಲ ಸರಿಯಿದೆ ಎಂದು ನಾನು ಹೇಳಲಾರೆ. ಕರುವಿಗೆ ಓಡುತ್ತಿರುವಾಗಲೇ ಕುತ್ತಿಗೆಗೆ ಹಗ್ಗ ಹಾಕಿ ಮೂರು ಕಾಲು ಕಟ್ಟುವ ಆಟ ನನಗೆ ನೋಡಲಾಗುವುದಿಲ್ಲ. ಅದು ಶುರುವಾದರೆ ನಾನು ಮಕ್ಕಳನ್ನು ಕರೆದುಕೊಂಡು ನಿಂಬೆ ಶರಬತ್ತು ತರಲು ಏಳುತ್ತೇನೆ. ದನದ ಸೀಮೆಯಲ್ಲಿ ಕರುವಿಗೆ ಔಷಧ ಹಾಕಲು ಹೀಗೇ ಹಿಡಿಯುತ್ತಿದ್ದರು, ಆಟ ಅಲ್ಲಿಂದ ಬಂತು ಎನ್ನುವುದು ನಿಜ. ನನ್ನ ಮನಸ್ಸಿಗೆ ಅಷ್ಟು ಸಾಲದು.

ಬ್ರಿಟನ್ನಿನಲ್ಲಿ 1934ರ ಕಾನೂನು ರೋಡಿಯೋಗೆ ಬಾಗಿಲು ಹಾಕಿತು. ನಮ್ಮಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿ, ಕಂಬಳಕ್ಕೂ ಅದರ ಬಿಸಿ ತಾಗಿ, ಕರ್ನಾಟಕ ತಿದ್ದುಪಡಿ ತಂದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇದನ್ನೆಲ್ಲ ದೊಡ್ಡ ಮಕ್ಕಳ ಜೊತೆ ಮಾತಾಡಬಹುದು. ನನ್ನ ಮಗಳು ಹೋರಿ ಸವಾರಿಗೆ ಸರಿ ಎನ್ನುತ್ತಾಳೆ, ಕರುವಿನದಕ್ಕೆ ಬೇಡ ಎನ್ನುತ್ತಾಳೆ. ಅಷ್ಟು ವಿವೇಚನೆ ಬೆಳೆದರೆ ಕರೆದುಕೊಂಡು ಹೋದದ್ದಕ್ಕೆ ನನಗೆ ಸಮಾಧಾನ.

ನಾಲ್ಕರ ರಾತ್ರಿ, ಐದರ ಬೆಳಿಗ್ಗೆ

ನಾಲ್ಕರಂದು ಆಟ ಉಳಿದ ದಿನಗಳಿಗಿಂತ ಬೇಗ ಶುರುವಾಗುತ್ತದೆ, ರಾತ್ರಿ ಪಟಾಕಿ ಇರುತ್ತದಲ್ಲ. ಟಿಕೆಟ್ಟಿನ ಮೇಲಿನ ಸಮಯ ಎರಡು ಸಲ ಓದಿ. ನಡುವೆ ಸಿಗುವ ಹೊತ್ತಿನಲ್ಲಿ ರೂಮಿಗೆ ಹೋಗಿ ಮೊಸರನ್ನ ಉಂಡು ಬನ್ನಿ. ಪಟಾಕಿ ಹತ್ತು ಗಂಟೆ ಹತ್ತಿರ, ಪೂರ್ತಿ ಕತ್ತಲಾದ ಮೇಲೆ. ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದರೆ ಹೊರಡುವಾಗ ತೊಂದರೆಯಿಲ್ಲ. ನಿಮ್ಮದೇ ಪಟಾಕಿ ಹೊಡೆಯುವ ಆಸೆ ಬಿಡಿ, ಒಣ ಹುಲ್ಲಿನ ನಾಡು, ಕಿಡಿ ಸಾಕು.

ಐದರಂದು ಹಿಂದಿರುಗುವ ಮುಂಚೆ ಊರಿನ ಪಶ್ಚಿಮಕ್ಕೆ ಆರು ಮೈಲಿ ಹೋಗಿ ಬಫಲೋ ಬಿಲ್ ಅಣೆಕಟ್ಟು ನೋಡಬಹುದು. 325 ಅಡಿ, 1910ರಲ್ಲಿ ಮುಗಿದಾಗ ಜಗತ್ತಿನಲ್ಲೇ ಎತ್ತರದ್ದು. ಅರ್ಧ ಗಂಟೆ ಸಾಕು.

ಜುಲೈ ನಾಲ್ಕಕ್ಕೆ ರಜೆಯೋ ರೂಮೋ ಸಿಗದವರಿಗೆ ಇನ್ನೊಂದು ದಾರಿ ಇದೆ. ಇದೇ ಅಖಾಡದಲ್ಲಿ ಕೋಡಿ ನೈಟ್ ರೋಡಿಯೋ ಎಂದು ಬೇಸಿಗೆಯುದ್ದಕ್ಕೂ, ಆಗಸ್ಟ್ ಕೊನೆಯವರೆಗೆ ರಾತ್ರಿ ಆಟ ನಡೆಯುತ್ತದೆ. ದೊಡ್ಡ ಹೆಸರಿನವರು ಕಡಿಮೆ, ಕಲಿಯುವ ಹುಡುಗ ಹುಡುಗಿಯರು ಹೆಚ್ಚು, ಟಿಕೆಟ್ ಅಗ್ಗ. ಅದರಲ್ಲಿ ನೋಡಲು ಬಂದ ಮಕ್ಕಳನ್ನೆಲ್ಲ ಅಖಾಡಕ್ಕೆ ಕರೆದು, ಕರುವಿನ ಬಾಲಕ್ಕೆ ಕಟ್ಟಿದ ರಿಬ್ಬನ್ ಕೀಳಲು ಬಿಡುತ್ತಾರೆ. ಹಾವೇರಿ, ಶಿಕಾರಿಪುರ ಕಡೆಯವರಿದ್ದರೆ ನಿಮ್ಮ ಮಕ್ಕಳಿಗೆ ಓಡುವ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯುವ ವಿದ್ಯೆ ಹೇಳಿಕೊಟ್ಟು ಕಳಿಸಿ: ಹಿಂದೆ ಓಡಬೇಡ, ಅದು ತಿರುಗುವ ಕಡೆ ಮೊದಲೇ ಹೋಗಿ ನಿಲ್ಲು. ಚಪ್ಪಲಿ ಬೇಡ, ಲೇಸು ಬಿಗಿದ ಶೂ ಹಾಕಿಸಿ.